ಹಲ್ಲಿನೊಳಗಣ ಪಾದರಸ

ಪಾದರಸವೆಂಬುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಹೊಗಳಿಕೆಯ ಮಾತು. ಒಂದು ಕಡೆ ನಿಲ್ಲದ ಚುರುಕು ಹುಡುಗನನ್ನು ಕಂಡರೆ 'ಒಳ್ಳೇ ಪಾದರಸ' ಎನ್ನುತ್ತೇವೆ. ಹಿಡಿಯಹೋದರೆ ಬೆರಳ ಸಂದಿನಿಂದ ಜಾರುವ, ನೆಲಕ್ಕೆ ಬಿದ್ದರೆ ನೂರು ಮಣಿಗಳಾಗಿ ಒಡೆಯುವ, ಹತ್ತಿರ ತಂದರೆ ಮತ್ತೆ ಒಂದಾಗಿ ಕೂಡುವ ಆ ಲೋಹ ನಮ್ಮ ಹಿರಿಯರ ಕಲ್ಪನೆಯನ್ನು ಸೆಳೆದದ್ದು ಸಹಜವೇ ಆಗಿದೆ. ಹದಿನಾಲ್ಕನೆಯ ಶತಮಾನದಲ್ಲಿ ಮಾಧವಾಚಾರ್ಯರ ಹೆಸರಿನಲ್ಲಿ ಹುಟ್ಟಿದ 'ಸರ್ವದರ್ಶನಸಂಗ್ರಹ'ದಲ್ಲಿ ರಸೇಶ್ವರದರ್ಶನಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಸಂಸಾರದ ಆಚೆಯ ದಡವನ್ನು, ಎಂದರೆ ಪಾರವನ್ನು, ಕೊಡುವುದರಿಂದಲೇ ಇದಕ್ಕೆ ಪಾರದವೆಂಬ ಹೆಸರು ಬಂತೆಂದು ಆ ಪಂಥದವರು ನಿರುಕ್ತಿ ಹೇಳುತ್ತಾರೆ. ಅದೇ ಶತಮಾನದಲ್ಲಿ, ಅದೇ ವಿಜಯನಗರದ ಕಾಲದಲ್ಲಿ, ಕನ್ನಡದ ಮಂಗರಾಜ ಕವಿ 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿದ. ಒಂದು ಕಡೆ ರಸದಿಂದ ಅಮರತ್ವ ಪಡೆಯುವ ಆಸೆ. ಇನ್ನೊಂದು ಕಡೆ ವಿಷದಿಂದ ಪ್ರಾಣ ಉಳಿಸಿಕೊಳ್ಳುವ ಕಾಳಜಿ. ಆರು ಶತಮಾನಗಳ ಮೇಲೆ ಈ ಆಸೆಯೂ ಈ ಕಾಳಜಿಯೂ ಒಂದಾಗಿ ಬೆಂಗಳೂರಿನ ಪಶ್ಚಿಮ ಬಡಾವಣೆಗಳ ದಂತವೈದ್ಯರ ಕುರ್ಚಿಯಲ್ಲಿ ಬಂದು ಕುಳಿತಿವೆ.

ರಾಜಾಜಿನಗರದಿಂದ ಬಸವೇಶ್ವರನಗರದ ಮೇಲೆ ಹಾದು ವಿಜಯನಗರಕ್ಕೆ ನಡೆದುಬಂದರೆ, ದಾರಿಯಲ್ಲಿ ಹಲ್ಲಿನ ವೈದ್ಯರ ನಾಮಫಲಕಗಳಿಗೆ ಕೊರತೆಯಿಲ್ಲ. ಈಚೆಗೆ ಆ ವಲಯದಲ್ಲಿ 'ಸಮಗ್ರ ದಂತಚಿಕಿತ್ಸೆ' ಎಂಬ ಮಾತು ಕೇಳಿಬರುತ್ತಿದೆ. ಹಲ್ಲು ದೇಹದಿಂದ ಬೇರೆಯಾದ ಕಲ್ಲಲ್ಲ, ಅದರ ಕ್ಷೇಮ ಒಡಲೆಲ್ಲದರ ಕ್ಷೇಮದೊಡನೆ ಹೆಣೆದುಕೊಂಡಿದೆ ಎಂಬುದು ಅದರ ಮೂಲ ತತ್ತ್ವ. ಇದನ್ನು ಯಾರೂ ಅಲ್ಲಗಳೆಯಲಾರರು. ಸಕ್ಕರೆ ಕಾಯಿಲೆಯವರ ಒಸಡು ಬೇಗ ಕೆಡುವುದನ್ನು ಯಾವ ವೈದ್ಯರೂ ಬಲ್ಲರು. ಆದರೆ ಈ ತತ್ತ್ವದ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಹಳೆಯ ಬೆಳ್ಳಿ ಬಣ್ಣದ ತುಂಬುವಿಕೆಗಳಲ್ಲಿ ಪಾದರಸವಿದೆ, ನಿಮ್ಮ ಆಯಾಸ, ಮರೆವು, ಕೈನಡುಕ, ನಿದ್ರಾಹೀನತೆಗಳಿಗೆಲ್ಲ ಅದೇ ಮೂಲ, ಆದ್ದರಿಂದ ಅವನ್ನೆಲ್ಲ ಕೂಡಲೇ ಕೆತ್ತಿಸಿ ತೆಗೆಸಬೇಕು ಎಂದು.

ಕೆಂಗೇರಿ ಉಪನಗರದಲ್ಲಿರುವ ನನ್ನ ದೊಡ್ಡಕ್ಕನಿಗೆ ಈ ಮಾತನ್ನು ಒಂದು ಚಿಕಿತ್ಸಾಲಯದಲ್ಲಿ ಹೇಳಿದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಆಕೆಗೆ ಕೆಲವು ತಿಂಗಳಿಂದ ಸೀಮೆಸುಣ್ಣ ಹಿಡಿದ ಕೈ ನಡುಗುತ್ತಿತ್ತು, ಮೈ ಇಳಿದಿತ್ತು, ನಿದ್ರೆ ಕೆಟ್ಟಿತ್ತು. ಬಾಯಲ್ಲಿ ಮೂವತ್ತು ವರ್ಷದ ಹಿಂದಿನ ನಾಲ್ಕು ಬೆಳ್ಳಿ ತುಂಬುವಿಕೆಗಳಿದ್ದವು. ಅವನ್ನು ತೆಗೆದು ಬೇರೆ ತುಂಬಿಸಲು ಆಕೆಯ ಒಂದು ತಿಂಗಳ ಸಂಬಳ ಮೀರುವ ಲೆಕ್ಕವನ್ನೂ ಬರೆದುಕೊಟ್ಟಿದ್ದರು.

"ಮೂವತ್ತು ವರ್ಷದಿಂದ ಬಾಯಲ್ಲಿ ವಿಷ ಇಟ್ಕೊಂಡೇ ಊಟ ಮಾಡ್ತಿದ್ದೀನಂತೆ ಕಣೋ. ತೆಗೆಸಿಬಿಡಲಾ?" ಎಂದು ಅಕ್ಕ ಕೇಳಿದಳು.

"ಸ್ವಲ್ಪ ತಾಳು ಅಕ್ಕ, ವಿಚಾರಿಸಿ ಹೇಳ್ತೀನಿ" ಎಂದೆ. ಕನ್ನಡದ ಅಧ್ಯಾಪಕನಿಗೆ ಹಲ್ಲಿನ ಶಾಸ್ತ್ರವೇನು ಗೊತ್ತು ಎಂದು ವಾಚಕರು ಕೇಳಬಹುದು. ನ್ಯಾಯವೇ. ಆದರೆ ಒಂದು ಮಾತನ್ನು ಯಾರು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು, ಅದರ ಪಾಠಾಂತರಗಳೇನು ಎಂದು ಹುಡುಕುವುದು ನಮ್ಮ ಕಸುಬು. ಆ ರೀತಿಯಲ್ಲಿಯೇ ಹುಡುಕಿದೆ.

ಬೆಳ್ಳಿ ತುಂಬುವಿಕೆಯೆಂದು ನಾವು ಕರೆಯುವ ವಸ್ತುವಿಗೆ ವೈದ್ಯರು ಅಮಾಲ್ಗಂ ಎನ್ನುತ್ತಾರೆ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ. ಉಳಿದರ್ಧ ಬೆಳ್ಳಿ, ತವರ, ತಾಮ್ರಗಳ ಪುಡಿ. ಎರಡನ್ನೂ ಕಲಸಿದಾಗ ಮೃದುವಾದ ಮುದ್ದೆಯಾಗಿ, ಹುಳುಕಿನ ಕುಳಿಯಲ್ಲಿ ಒತ್ತಿದ ಮೇಲೆ ಗಟ್ಟಿಕಟ್ಟುತ್ತದೆ. ಪ್ಯಾರಿಸಿನ ತವೋ ಎಂಬಾತ ಬೆಳ್ಳಿ ನಾಣ್ಯದ ಪುಡಿಗೆ ಪಾದರಸ ಬೆರೆಸಿ ಇದನ್ನು ಯೂರೋಪಿನಲ್ಲಿ ಬಳಕೆಗೆ ತಂದದ್ದು ೧೮೨೬ರ ಸುಮಾರಿಗೆ. ೧೮೩೩ರಲ್ಲಿ ಕ್ರಾಕೂರ್ ಸೋದರರು ನ್ಯೂಯಾರ್ಕಿಗೆ ಇದನ್ನು ಕೊಂಡೊಯ್ದು ಭರ್ಜರಿ ವ್ಯಾಪಾರ ನಡೆಸಿದರು. ಚಿನ್ನದ ತಗಡಿನಿಂದ ಹಲ್ಲು ತುಂಬುತ್ತಿದ್ದ ಅಲ್ಲಿನ ವೈದ್ಯರು ಕೆರಳಿದರು. ೧೮೪೦ರಲ್ಲಿ ಸ್ಥಾಪಿತವಾದ ಅಮೆರಿಕದ ದಂತವೈದ್ಯರ ಸಂಘ, ಅಮಾಲ್ಗಂ ಬಳಸುವುದಿಲ್ಲವೆಂದು ಸದಸ್ಯರಿಂದ ಪ್ರತಿಜ್ಞೆಗೆ ಸಹಿ ಪಡೆಯಿತು. ಜಗಳ ಬಲಿತು ೧೮೫೬ರಲ್ಲಿ ಸಂಘವೇ ಮುಳುಗಿತು, ಅಮಾಲ್ಗಂ ಉಳಿಯಿತು. ಉಳಿದದ್ದಕ್ಕೆ ಕಾರಣ ಸ್ಪಷ್ಟ. ಅದು ಅಗ್ಗ, ಗಟ್ಟಿ, ಒದ್ದೆ ಬಾಯಿಯಲ್ಲಿಯೂ ನಿಲ್ಲತಕ್ಕದ್ದು. ಬಡವನ ಹಲ್ಲನ್ನು ಕೀಳದೆ ಉಳಿಸಿದ ಸಾಧನ ಅದು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ೧೯೫೮ರಲ್ಲಿ ಆರಂಭವಾದ ಕಾಲಕ್ಕೆ ಲೋಕದಲ್ಲೆಲ್ಲ ಹಿಂಬದಿಯ ಹಲ್ಲುಗಳಿಗೆ ಇದೇ ರೂಢಿಯ ಮದ್ದಾಗಿತ್ತು. ಗುಮಾಸ್ತರು, ಗಿರಣಿಯ ಕಾರ್ಮಿಕರು, ನಮ್ಮಂಥ ಉಪಾಧ್ಯಾಯರು ಕಡಲೆ ಕಡಿದದ್ದು ಈ ಲೋಹದ ಕೃಪೆಯಿಂದ.

ಹಾಗಾದರೆ ವಿಷದ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ. ಅಗಿಯುವಾಗ, ಬಿಸಿ ಕಾಫಿ ಕುಡಿಯುವಾಗ, ಹಲ್ಲು ಕಡಿಯುವಾಗ ಈ ತುಂಬುವಿಕೆಯಿಂದ ಪಾದರಸದ ಆವಿ ತುಸು ಹೊರಡುತ್ತದೆ. ನುಂಗಿದ ಲೋಹರೂಪದ ಪಾದರಸವನ್ನು ಕರುಳು ಬಹುಮಟ್ಟಿಗೆ ಹೀರುವುದಿಲ್ಲ. ಆದರೆ ಉಸಿರಾಡಿದ ಆವಿಯ ಹೆಚ್ಚು ಭಾಗ ಶ್ವಾಸಕೋಶದ ಮೂಲಕ ರಕ್ತ ಸೇರುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಸ್ಟಾಕ್ ಪ್ರಯೋಗಶಾಲೆಯ ಪಾದರಸದ ಆವಿಯಿಂದ ತಾನೇ ವರ್ಷಗಟ್ಟಲೆ ನರಳಿ, ೧೯೨೬ರಲ್ಲಿ ಆ ಅಪಾಯವನ್ನು ಲೋಕಕ್ಕೆ ಸಾರಿದ. ಹಲ್ಲಿನ ಅಮಾಲ್ಗಮನ್ನೂ ಎಚ್ಚರಿಕೆಯ ಪಟ್ಟಿಯಲ್ಲಿ ಸೇರಿಸಿದ. ಆದರೆ ಪ್ರಮಾಣವೆಂಬುದೊಂದಿದೆ. ತುಂಬುವಿಕೆಗಳಿಂದ ದಿನವೊಂದಕ್ಕೆ ದೇಹಕ್ಕೆ ಸೇರುವುದು ಸಾಮಾನ್ಯವಾಗಿ ಕೆಲವು ಮೈಕ್ರೋಗ್ರಾಂ. ಮೈಕ್ರೋಗ್ರಾಮೆಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಗಾದೆಯನ್ನು ಇಲ್ಲಿ ತಿರುಗಿಸಿ ಓದಬೇಕು.

ಈ ಅಲ್ಪಪ್ರಮಾಣದಿಂದ ಕೇಡಾಗುವುದೇ ಎಂಬ ಪ್ರಶ್ನೆಯನ್ನು ಎರಡು ದೊಡ್ಡ ಪರೀಕ್ಷೆಗಳು ಎತ್ತಿಕೊಂಡವು. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ೫೩೪ ಮಕ್ಕಳನ್ನೂ ಪೋರ್ಚುಗಲ್ಲಿನ ಲಿಸ್ಬನ್ನಿನ ೫೦೭ ಮಕ್ಕಳನ್ನೂ ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಅಮಾಲ್ಗಂ, ಇನ್ನೊಂದಕ್ಕೆ ಬಿಳಿಯ ತುಂಬುವಿಕೆ ಹಾಕಿ, ವರ್ಷಗಟ್ಟಲೆ ಗಮನಿಸಿದರು. ಫಲಿತಾಂಶ ೨೦೦೬ರಲ್ಲಿ ಪ್ರಕಟವಾಯಿತು. ಅಮಾಲ್ಗಂ ಪಡೆದ ಮಕ್ಕಳ ಮೂತ್ರದಲ್ಲಿ ಪಾದರಸ ಕೊಂಚ ಹೆಚ್ಚಿತ್ತು. ಬುದ್ಧಿ, ಜ್ಞಾಪಕ, ನರಗಳ ಚುರುಕು ಇವುಗಳಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಆದರೂ ಎಚ್ಚರಿಕೆ ತಪ್ಪಲಿಲ್ಲ. ೨೦೨೦ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಮಕ್ಕಳಿಗೆ, ಅದರಲ್ಲೂ ಆರು ವರ್ಷದೊಳಗಿನವರಿಗೆ, ನರರೋಗ ಅಥವಾ ಮೂತ್ರಪಿಂಡದ ತೊಂದರೆಯಿರುವವರಿಗೆ ಹೊಸದಾಗಿ ಅಮಾಲ್ಗಂ ಹಾಕದಿರುವುದು ಲೇಸೆಂದು ಸೂಚಿಸಿತು. ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳಿತು: ಸುಸ್ಥಿತಿಯಲ್ಲಿರುವ ಹಳೆಯ ತುಂಬುವಿಕೆಯನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಸಬೇಡಿ, ತೆಗೆಯುವಾಗಲೇ ಆವಿ ಹೆಚ್ಚು ಏಳುತ್ತದೆ, ಒಳ್ಳೆಯ ಹಲ್ಲಿನ ಭಾಗವೂ ಅದರೊಡನೆ ಹೋಗುತ್ತದೆ.

ಈ ಎರಡು ಮಾತುಗಳಲ್ಲಿ ಮೊದಲನೆಯದನ್ನಷ್ಟೇ ಹಿಡಿದು ಎರಡನೆಯದನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ಅಮೆರಿಕದಲ್ಲಿ ಹಳೆಯ ದೃಷ್ಟಾಂತವುಂಟು. ಕೊಲರಾಡೋ ಪ್ರಾಂತದ ಹಾಲ್ ಹಗ್ಗಿನ್ಸ್ ಎಂಬ ದಂತವೈದ್ಯ, ನಾನಾ ಗಡುಸು ರೋಗಗಳು ತುಂಬುವಿಕೆ ತೆಗೆದರೆ ಹಗುರವಾಗುತ್ತವೆಂದು ಪ್ರಚಾರ ಮಾಡಿದ. ೧೯೯೦ರ ಡಿಸೆಂಬರಿನಲ್ಲಿ ಅಲ್ಲಿನ ಒಂದು ಜನಪ್ರಿಯ ದೂರದರ್ಶನ ಕಾರ್ಯಕ್ರಮ 'ಬಾಯಲ್ಲಿ ವಿಷವಿದೆಯೇ' ಎಂದು ಕೇಳಿ ಜನರ ದಿಗಿಲನ್ನು ಇಮ್ಮಡಿಸಿತು. ೧೯೯೬ರಲ್ಲಿ ಹಗ್ಗಿನ್ಸನ ವೈದ್ಯಪರವಾನಗಿ ರದ್ದಾಯಿತು. ಇಂಥ ಭರವಸೆಯ ನಿಜವಾದ ನಷ್ಟ ಹಣದ್ದಲ್ಲ, ಕಾಲದ್ದು. ರೋಗಿ ಹಲ್ಲಿನ ಹಿಂದೆ ಅಲೆಯುವಾಗ ರೋಗ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ.

ನನ್ನ ಅಕ್ಕನ ವಿಷಯದಲ್ಲಿ ಹೀಗಾಗಲಿಲ್ಲ. ಹಲ್ಲಿಗೆ ಕೈ ಹಾಕುವ ಮೊದಲು ಒಬ್ಬ ಸಾಮಾನ್ಯ ವೈದ್ಯರಿಗೆ ತೋರಿಸಿದೆವು. ಅವರು ಕೈ ಚಾಚಿಸಿ ಬೆರಳು ನೋಡಿದರು, ನಾಡಿ ಹಿಡಿದರು, ರಕ್ತಪರೀಕ್ಷೆ ಮಾಡಿಸಿದರು. ಕೊರಳಿನ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸಮಾಡುತ್ತಿತ್ತು. ಕೈನಡುಕ, ಮೈ ಇಳಿಯುವುದು, ನಿದ್ರೆಗೇಡು ಎಲ್ಲವೂ ಅದರ ಲಕ್ಷಣಗಳೇ. ಮಾತ್ರೆ ಆರಂಭವಾದ ಕೆಲವು ವಾರಗಳಲ್ಲಿ ಕೈ ಹದಕ್ಕೆ ಬಂತು. ಆಕೆ ಈಗ ಕರಿಹಲಗೆಯ ಮೇಲೆ ವೃತ್ತವನ್ನು ಕೈವಾರವಿಲ್ಲದೆ ಬರೆಯುತ್ತಾಳೆ. ನಾಲ್ಕು ತುಂಬುವಿಕೆಗಳು ಇದ್ದಲ್ಲೇ ಇವೆ.

ಇಷ್ಟಕ್ಕೆ ಮುಗಿಸಿದರೆ ಪಾದರಸಕ್ಕೆ ನಿರಪರಾಧಿಯ ಪಟ್ಟ ಕಟ್ಟಿದಂತಾಗುತ್ತದೆ, ಅದು ಸಲ್ಲದು. ಬಾಯಲ್ಲಿ ಗಟ್ಟಿಯಾಗಿ ಕುಳಿತ ಪಾದರಸಕ್ಕಿಂತ ಬಾಯಿಂದ ಹೊರಟ ಪಾದರಸದ ಕಥೆ ಘೋರವಾದುದು. ಜಪಾನಿನ ಮಿನಮಾಟಾ ಊರಿನಲ್ಲಿ ಚಿಸ್ಸೋ ಕಂಪನಿಯ ಕಾರ್ಖಾನೆ ೧೯೩೨ರಿಂದ ೧೯೬೮ರವರೆಗೆ ಪಾದರಸ ಕೂಡಿದ ನೀರನ್ನು ಕೊಲ್ಲಿಗೆ ಬಿಟ್ಟಿತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಮನುಷ್ಯರು ಮಾತು, ನಡಿಗೆ, ದೃಷ್ಟಿ ಕಳೆದುಕೊಂಡರು. ರೋಗ ಅಧಿಕೃತವಾಗಿ ಬೆಳಕಿಗೆ ಬಂದದ್ದು ೧೯೫೬ರಲ್ಲಿ; ಕಾರಣವನ್ನು ಸರ್ಕಾರ ಒಪ್ಪಿದ್ದು ೧೯೬೮ರಲ್ಲಿ. ಅಲ್ಲಿನ ವಿಷ ಮೀಥೈಲ್ ಪಾದರಸ, ಹಲ್ಲಿನದಕ್ಕಿಂತ ಬಹಳ ಉಗ್ರವಾದ ರೂಪ. ಆದರೆ ಲೋಹರೂಪದ ಪಾದರಸವೂ ಕೆರೆ ಹೊಳೆಗಳ ಕೆಸರನ್ನು ಸೇರಿದರೆ, ಅಲ್ಲಿನ ಸೂಕ್ಷ್ಮಜೀವಿಗಳು ಅದರ ಒಂದಂಶವನ್ನು ಕಾಲಕ್ರಮದಲ್ಲಿ ಅದೇ ಉಗ್ರರೂಪಕ್ಕೆ ತಿರುಗಿಸಬಲ್ಲವು. ಅದು ಮೀನಿನ ಮೈಯಲ್ಲಿ ಸೇರಿ, ಮೀನಿನಿಂದ ಊಟದ ತಟ್ಟೆಗೆ ಬರುತ್ತದೆ.

ನಮ್ಮ ಪಶ್ಚಿಮ ಬೆಂಗಳೂರಿನವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ದಂತವೈದ್ಯರು ತುಂಬುವಿಕೆಯನ್ನು ಕೆತ್ತಿದಾಗ ಅದರ ಚೂರುಗಳು ಉಗುಳಿನೊಡನೆ ಬೋಗುಣಿಗೆ ಹೋಗುತ್ತವೆ. ಸೋಸುವ ಏರ್ಪಾಡಿಲ್ಲದಿದ್ದರೆ ಅಲ್ಲಿಂದ ಚರಂಡಿಗೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕಾಲುವೆಗಳು ಇಳಿಯುವುದು ವೃಷಭಾವತಿಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬಿದ, ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ ಹರಿದ ಆ ಹೊಳೆ ಮೈಸೂರು ರಸ್ತೆಯ ಜೊತೆಯಲ್ಲೇ ಕೆಂಗೇರಿ ದಾಟಿ, ಬಿಡದಿಯ ಬಳಿ ಭೈರಮಂಗಲದ ಜಲಾಶಯ ಸೇರಿ, ಮುಂದೆ ಅರ್ಕಾವತಿಗೂ ಅರ್ಕಾವತಿಯ ಮೂಲಕ ಕಾವೇರಿಗೂ ಕೂಡುತ್ತದೆ. ಭೈರಮಂಗಲದ ನೀರಿನಿಂದ ಹೊಲ ತೋಟ ಬೆಳೆಸುವ ರೈತನ ಬಾಯಲ್ಲಿ ಒಂದು ಬೆಳ್ಳಿ ತುಂಬುವಿಕೆಯೂ ಇಲ್ಲದಿರಬಹುದು. ವೃಷಭಾವತಿಯ ದುರ್ಗತಿಗೆ ಕಾರ್ಖಾನೆಗಳೂ ಮನೆಗಳ ಕೊಳಚೆಯೂ ಮೊದಲ ಕಾರಣವೆಂಬುದು ನಿಜ. ಆದರೆ ಭಯದಿಂದ ಸಾವಿರ ಜನ ಒಳ್ಳೆಯ ತುಂಬುವಿಕೆಗಳನ್ನು ಕೆತ್ತಿಸತೊಡಗಿದರೆ, ಆ ಹೊರೆಗೆ ನಾವೂ ಒಂದು ಹಿಡಿ ಸೇರಿಸಿದಂತೆಯೇ ಸರಿ. ತನ್ನ ಬಾಯಿ ಶುದ್ಧವಾಗಲೆಂದು ಪರರ ಹೊಳೆಗೆ ಉಗುಳುವುದು ಸಮಗ್ರ ದೃಷ್ಟಿಯೆನಿಸಲಾರದು.

ಲೋಕ ಈ ದಿಕ್ಕಿನಲ್ಲಿ ಎಚ್ಚರಗೊಂಡಿದೆ. ಮಿನಮಾಟಾ ಒಪ್ಪಂದ ೨೦೧೩ರಲ್ಲಿ ಅಂಗೀಕೃತವಾಗಿ ೨೦೧೭ರಲ್ಲಿ ಜಾರಿಗೆ ಬಂತು. ಭಾರತ ೨೦೧೮ರಲ್ಲಿ ಅದನ್ನು ಅನುಮೋದಿಸಿತು. ಹದಿನೈದು ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಅಮಾಲ್ಗಂ ಬಳಸಬಾರದೆಂಬ ತಿದ್ದುಪಡಿ ೨೦೨೨ರಲ್ಲಿ ಸೇರಿತು. ಯೂರೋಪಿನ ಒಕ್ಕೂಟ ೨೦೨೫ರ ಜನವರಿ ೧ರಿಂದ, ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭದ ಹೊರತು, ಅದನ್ನು ಕೈಬಿಟ್ಟಿದೆ. ೨೦೨೫ರ ನವೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ಒಪ್ಪಂದದ ರಾಷ್ಟ್ರಗಳು ೨೦೩೪ನ್ನು ಕೊನೆಯ ಗಡುವಾಗಿ ಒಪ್ಪಿಕೊಂಡವು. ಬದಲಿಗೆ ಬಿಳಿಯ ಕಾಂಪೋಸಿಟ್ ಇದೆ, ಗಾಜಿನ ಪುಡಿಯಿಂದಾಗುವ ಗ್ಲಾಸ್ ಅಯೊನೊಮರ್ ಇದೆ. ಅವಕ್ಕೂ ದೋಷಗಳುಂಟು. ಕಾಂಪೋಸಿಟ್ಟಿಗೆ ಖರ್ಚೂ ನಾಜೂಕೂ ಹೆಚ್ಚು. ಅಯೊನೊಮರ್ ಬೇಗ ಸವೆಯುತ್ತದೆ.

ಹೀಗಿರುವಾಗ ನಮ್ಮಂಥವರು ಮಾಡತಕ್ಕದ್ದು ಸರಳವಾಗಿದೆ. ಗಟ್ಟಿಯಾಗಿರುವ ಹಳೆಯ ತುಂಬುವಿಕೆಯನ್ನು ಅದರ ಪಾಡಿಗೆ ಬಿಡುವುದು. ಒಡೆದರೆ, ಸಡಿಲವಾದರೆ ಬದಲಾಯಿಸುವುದು. ಆಗ ರಬ್ಬರಿನ ಹಾಳೆ ಕಟ್ಟಿ, ನೀರು ಬಿಡುತ್ತ, ಹೀರುಗೊಳವೆಯಿಟ್ಟು ತೆಗೆಯುತ್ತೀರಾ ಎಂದೂ, ಚೂರುಗಳನ್ನು ಮುಚ್ಚಿದ ಪಾತ್ರೆಯಲ್ಲಿ ಬೇರೆಯಿಟ್ಟು ವೈದ್ಯಕೀಯ ತ್ಯಾಜ್ಯದವರಿಗೆ ಕೊಡುತ್ತೀರಾ ಎಂದೂ ವಿನಯದಿಂದ ಕೇಳುವುದು. ದಿನವಿಡೀ ಆ ಗಾಳಿಯನ್ನೇ ಉಸಿರಾಡುವ ವೈದ್ಯರಿಗೂ ಅವರ ಸಹಾಯಕ ಹುಡುಗಿಯರಿಗೂ ಇದರಿಂದ ಉಪಕಾರವೇ. ಹೊಸ ಹುಳುಕಿಗೆ, ಅದರಲ್ಲೂ ಮಕ್ಕಳ ಹಲ್ಲಿಗೆ, ಪಾದರಸವಿಲ್ಲದ ವಸ್ತುವನ್ನು ಬಯಸುವುದು. ಎಲ್ಲಕ್ಕಿಂತ ಮೊದಲು ಹುಳುಕೇ ಆಗದಂತೆ ನೋಡಿಕೊಳ್ಳುವುದು. ಮಿಠಾಯಿಗೆ ಮಿತಿಯಿಟ್ಟು ರಾತ್ರಿ ಹಲ್ಲುಜ್ಜಿದ ಮಗುವಿಗೆ ಬೆಳ್ಳಿಯೂ ಬೇಡ, ಬಿಳಿಯದೂ ಬೇಡ.

ಮೊನ್ನೆ ಅಕ್ಕ ತನ್ನ ಮೊಮ್ಮಗಳನ್ನು ಅದೇ ಬೀದಿಯ ಇನ್ನೊಬ್ಬ ದಂತವೈದ್ಯರಲ್ಲಿ ಕುಳ್ಳಿರಿಸಿ ಮೊದಲು ಕೇಳಿದ್ದು ದರವನ್ನಲ್ಲ. "ಈ ಬೋಗುಣಿಯ ನೀರು ಎಲ್ಲಿಗೆ ಹೋಗುತ್ತೆ ಡಾಕ್ಟ್ರೇ?" ಎಂದಳಂತೆ. ಆ ವೈದ್ಯರು ಎದ್ದು, ಕುರ್ಚಿಯ ಹಿಂದೆ ಕೂರಿಸಿದ್ದ ಸೋಸುಗವನ್ನು ಬಿಚ್ಚಿ ತೋರಿಸಿದರಂತೆ. ಅಂಥ ಪ್ರಶ್ನೆ ಕೇಳುವವರೂ ಅಂಥ ಉತ್ತರ ಇಟ್ಟುಕೊಂಡಿರುವವರೂ ನಮ್ಮ ಬಡಾವಣೆಗಳಲ್ಲಿ ಹೆಚ್ಚಲಿ.