ಗ್ರಾಮಸಭೆಗೂ ಮೊದಲು ಮೈಕ್
ಗ್ರಾಮಸಭೆ ಯಾವತ್ತು ಅಂತ ಕೊಕ್ಕರ್ಣೆ ಪೇಟೆಯಲ್ಲಿ ಎಷ್ಟು ಜನರಿಗೆ ಗೊತ್ತಿರುತ್ತದೆ? ಇಂಥ ವಿಷಯವನ್ನು ನಮ್ಮ ಕುಂದಗನ್ನಡದಲ್ಲೇ ಹೇಳಬಲ್ಲದ್ದು ಸಮುದಾಯ ರೇಡಿಯೊ. ಕುಂದಾಪುರದಲ್ಲಿ ಭಂಡಾರ್‌ಕಾರ್ಸ್ ಕಾಲೇಜಿನ ರೇಡಿಯೊ ಕುಂದಾಪ್ರ ಇದೆ, ಮಣಿಪಾಲದಲ್ಲಿ ರೇಡಿಯೊ ಮಣಿಪಾಲ್ 90.4.

ತರಂಗಾಂತರ ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಸ್ವಯಂಸೇವಾ ಸಂಸ್ಥೆಗಳಿಗೆ ಪರವಾನಗಿಯ ಬಾಗಿಲು ತೆರೆದದ್ದು 2006ರಲ್ಲಿ. ಅಲ್ಲಿಯವರೆಗೆ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಕಾದು ಕೂರಲಿಲ್ಲ. ತಮ್ಮ ರೇಡಿಯೊ ‘ನಮ್ಮ ಧ್ವನಿ’ಯನ್ನು ಕೇಬಲ್ ತಂತಿಯಲ್ಲೇ ಮನೆಮನೆಗೆ ಮುಟ್ಟಿಸಿದರು. ಊರಿನ ಹೆಂಗಸರೇ ಮೈಕ್ ಹಿಡಿದರು. ಎಂಥ ಧೈರ್ಯ!

ಸಮುದಾಯ ರೇಡಿಯೊಗೆ ಸಾಮಾನ್ಯವಾಗಿ 100 ವ್ಯಾಟ್ ಮಿತಿ. ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆದರೆ ಮತದಾರರ ಪಟ್ಟಿ, ಪಡಿತರ ಚೀಟಿ, ಆರ್‌ಟಿಸಿ ತಿದ್ದುಪಡಿ ಬಿಡಿಸಿ ಹೇಳಲು ಅಡ್ಡಿಯಿಲ್ಲ. ಪಿಡಿಒ ಅವರನ್ನೇ ಸ್ಟುಡಿಯೊದಲ್ಲಿ ಕೂರಿಸಿ. ಪ್ರಶ್ನೆ ಮಾತ್ರ ಸ್ವಸಹಾಯ ಸಂಘದ ಅಕ್ಕಂದಿರು ಕೇಳಲಿ.