ಮೈತುಂಬಿದ ಮಗುವಿಗೂ ಕಬ್ಬಿಣದ ಕೊರತೆ

‘ಮಗು ಗುಂಡುಗುಂಡಾಗಿದೆ, ಇದಕ್ಕೆಲ್ಲಿಯ ರಕ್ತಹೀನತೆ?’ ಎನ್ನುವವರು ಬಹಳ. ಆದರೆ ತೂಕ ಹೆಚ್ಚಿರುವ ಹದಿಹರೆಯದವರ ರಕ್ತದಲ್ಲಿ ಕಬ್ಬಿಣ ಕಡಿಮೆ ಇರುವುದನ್ನು ವೈದ್ಯರು 1962ರಲ್ಲೇ ಗುರುತಿಸಿದ್ದರು. ಅದರ ಒಳಗುಟ್ಟು ತಿಳಿದದ್ದು ಈ ಶತಮಾನದ ಆರಂಭದಲ್ಲಿ, ಹೆಪ್ಸಿಡಿನ್ ಎಂಬ ಹಾರ್ಮೋನು ಪತ್ತೆಯಾದ ಮೇಲೆ.

ಊಟದಲ್ಲಿರುವ ಕಬ್ಬಿಣವನ್ನು ಮೊದಲು ಹೀರುವುದು ಸಣ್ಣ ಕರುಳಿನ ಒಳಪದರದ ಜೀವಕೋಶಗಳು. ಅಲ್ಲಿಂದ ರಕ್ತಕ್ಕಿಳಿಯಲು ಅದಕ್ಕಿರುವುದು ಫೆರೊಪೋರ್ಟಿನ್ ಎಂಬ ಪ್ರೋಟೀನಿನ ಒಂದೇ ಬಾಗಿಲು. ಮೈಯಲ್ಲಿ ಕೊಬ್ಬು ಮಿತಿಮೀರಿದಾಗ ಆ ಅಂಗಾಂಶದಲ್ಲಿ ಸಣ್ಣಗೆ ಉರಿಯೂತ ಶುರುವಾಗುತ್ತದೆ. ಅದು ಹೊರಬಿಡುವ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನು ಯಕೃತ್ತನ್ನು ಮುಟ್ಟಿ ಹೆಪ್ಸಿಡಿನ್ ಹೆಚ್ಚಿಸುತ್ತದೆ. ಹೆಪ್ಸಿಡಿನ್ ಬಂದು ಬಾಗಿಲು ಮುಚ್ಚುತ್ತದೆ. ಒಳಗೇ ಸಿಕ್ಕಿಬಿದ್ದ ಕಬ್ಬಿಣ, ಕೆಲವೇ ದಿನಗಳಲ್ಲಿ ಆ ಜೀವಕೋಶ ಉದುರಿದಾಗ ಮಲದ ಜೊತೆ ಹೊರಟುಹೋಗುತ್ತದೆ. ಹಳೆಯ ಕೆಂಪು ರಕ್ತಕಣಗಳನ್ನು ಒಡೆದು ಕಬ್ಬಿಣ ಮರಳಿಸುವ ಮ್ಯಾಕ್ರೋಫೇಜ್‌ಗಳಲ್ಲೂ ಇದೇ ಬಾಗಿಲು, ಅಲ್ಲೂ ಇದೇ ತಡೆ. ಮೊರಾಕೊ ಮತ್ತು ಭಾರತದ ಮಕ್ಕಳನ್ನೂ ಒಳಗೊಂಡ 2008ರ ಅಧ್ಯಯನವೊಂದರಲ್ಲಿ, ಕಬ್ಬಿಣ ಬೆರೆಸಿದ ಆಹಾರ ಕೊಟ್ಟರೂ ಮೈಭಾರದ ಮಕ್ಕಳಲ್ಲಿ ಅದರ ಫಲ ಕಡಿಮೆ ಕಂಡಿತು.

ಲ್ಯಾಬ್ ರಿಪೋರ್ಟ್ ದಾರಿ ತಪ್ಪಿಸುವುದೂ ಇಲ್ಲೇ. ದೇಹದ ಕಬ್ಬಿಣದ ದಾಸ್ತಾನು ತಿಳಿಯಲು ನೋಡುವ ಫೆರಿಟಿನ್, ಉರಿಯೂತವಿದ್ದರೆ ತಾನಾಗಿಯೇ ಏರುತ್ತದೆ. ಹತ್ತು ವರ್ಷದ ಮಗುವಿನ ಫೆರಿಟಿನ್ 40 ಎಂದಿಟ್ಟುಕೊಳ್ಳಿ. ಈ ವಯಸ್ಸಿನ ಆರೋಗ್ಯವಂತ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ ಲೀಟರಿಗೆ 15 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ಚಿಂತೆಯಿಲ್ಲ. ಆದರೆ ಸೋಂಕು ಅಥವಾ ಉರಿಯೂತ ಇದ್ದಾಗ ಐದು ದಾಟಿದವರಿಗೆ ಆ ಗೆರೆ 70ಕ್ಕೇರುತ್ತದೆ. ಅಂದರೆ ಅದೇ 40 ಈಗ ಕೊರತೆಯ ಸೂಚನೆ! ಹಾಗಾಗಿ ದಪ್ಪಗಿರುವ ಮಗುವಿಗೆ ಫೆರಿಟಿನ್ ಒಂದನ್ನೇ ನೋಡಿ ಸುಮ್ಮನಾಗುವುದು ಸರಿಯಲ್ಲ. ಹಿಮೋಗ್ಲೋಬಿನ್ ಮತ್ತು ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆಯನ್ನೂ ಜೊತೆಗೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ.

ತಾಮ್ರ, ಸತುವಿನ ಅಂಕಿಗಳನ್ನೂ ಉರಿಯೂತ ಅಲುಗಾಡಿಸುತ್ತದೆ: ತಾಮ್ರ ಏರುತ್ತದೆ, ಸತು ಇಳಿಯುತ್ತದೆ. ಆ ಅಂಕಿ ನೋಡಿ ತಾವಾಗಿಯೇ ಸತುವಿನ ಮಾತ್ರೆ ತಂದು ನುಂಗಿಸುವುದು ಬೇಡ.

‘ರಕ್ತ ಆಗಲಿ’ ಎಂದು ಇಂಥ ಮಗುವಿಗೆ ಬೆಲ್ಲ, ಖರ್ಜೂರ ಸುರಿಯುವ ರೂಢಿ ನನಗಂತೂ ಒಪ್ಪಿಗೆಯಿಲ್ಲ. ಹೊಟ್ಟೆಗೆ ಹೋಗುವುದು ಮುಖ್ಯವಾಗಿ ಸಕ್ಕರೆಯೇ. ಹುರುಳಿ, ಹೆಸರುಕಾಳಿನ ಸಾರಿಗೆ ನಿಂಬೆಹುಳಿ ಹಿಂಡಿ. ಹುಳಿಯಲ್ಲಿರುವ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಊಟದ ಜೊತೆಗೆ ಟೀ ಬೇಡ. ಮಾಂಸಾಹಾರಿಗಳ ಮನೆಯಾದರೆ ಮಾಂಸದ ಕಬ್ಬಿಣ ಇನ್ನೂ ಸುಲಭವಾಗಿ ಸೇರುತ್ತದೆ. ಕೊರತೆ ಖಚಿತವಾದರೆ ವೈದ್ಯರು ಬರೆದ ಮಾತ್ರೆ ಬೇಕೇ ಬೇಕು. ಜೊತೆಗೆ ದಿನವೂ ಬಯಲಲ್ಲಿ ಆಟ, ಬೇಕರಿ ತಿಂಡಿಗೆ ಕಡಿವಾಣ. ಇಟಲಿಯಲ್ಲಿ ಬೊಜ್ಜಿನ ಮಕ್ಕಳು ಆರು ತಿಂಗಳ ಕಾರ್ಯಕ್ರಮದಲ್ಲಿ ತೂಕ ಇಳಿಸಿದಾಗ ಹೆಪ್ಸಿಡಿನ್ ಕೂಡ ಇಳಿದು, ಕರುಳು ಕಬ್ಬಿಣವನ್ನು ಮೊದಲಿಗಿಂತ ಚೆನ್ನಾಗಿ ಹೀರತೊಡಗಿತ್ತು.