ಪಟ್ಟವೇರದ ರಾಜಮಾತೆಯರು

ಅರಸನ ಮಗಳು ಮತ್ತೊಬ್ಬ ಅರಸನ ಕೈಹಿಡಿದು, ಮುಂದೆ ಅರಸನಿಗೆ ತಾಯಿಯಾಗುವುದು ನಾವು ಕಥೆಗಳಲ್ಲಿ ಕೇಳಿದ ಕ್ರಮ. ಇತಿಹಾಸವು ಈ ಕ್ರಮವನ್ನು ಯಾವಾಗಲೂ ಪಾಲಿಸಿಲ್ಲ. ತಂದೆ ಅರಸ, ಮಗನೂ ಅರಸ. ಗಂಡನು ಮಾತ್ರ ಸಿಂಹಾಸನವೇರುವ ಮೊದಲೇ ತೀರಿಕೊಂಡದ್ದರಿಂದ ತಾನು ಅರಸಿಯಾಗದೆ ಉಳಿದ ಹೆಣ್ಣುಮಕ್ಕಳು ನಮ್ಮ ನಾಡಿನಲ್ಲಿಯೇ ಆಗಿಹೋಗಿದ್ದಾರೆ.

ಮೊದಲನೆಯವಳು ಚಂದ್ರೋಬಲಬ್ಬೆ, ಅಬ್ಬಲಬ್ಬೆಯೆಂದೂ ಹೆಸರುಂಟು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಮಗಳು. ನೃಪತುಂಗನಿಗೂ ತಲಕಾಡಿನ ಗಂಗರಿಗೂ ಬಹುಕಾಲದ ಹಗೆ. ಅವನ ದಂಡನಾಯಕ ಬಂಕೆಯನು ಗಂಗವಾಡಿಗೆ ನುಗ್ಗಿ ಕಾವೇರಿಯನ್ನು ದಾಟಿದ ಸಂಗತಿ ಕೊಣ್ಣೂರ ಶಾಸನದಲ್ಲಿದೆ. (ಇದು ನಮ್ಮ ಗೋಕಾಕದ ಪಕ್ಕದ ಕೊಣ್ಣೂರಲ್ಲ, ನರಗುಂದದ ಕಡೆಯದು.) ಕತ್ತಿಯಿಂದ ಹರಿಯದ ಈ ವ್ಯಾಜ್ಯವನ್ನು ಕೊನೆಗೆ ಹರಿಸಿದ್ದು ಮದುವೆಯ ನಂಟು. ನೃಪತುಂಗನು ತನ್ನ ಮಗಳನ್ನು ಗಂಗ ರಾಜಕುಮಾರ ಬೂತುಗನಿಗೆ ಧಾರೆಯೆರೆದು ಕೊಟ್ಟನು.

ಬೂತುಗನು ಗಂಗ ಅರಸ ಎರಡನೆಯ ರಾಚಮಲ್ಲನ ತಮ್ಮ, ಯುವರಾಜ. ಕೊಂಗಳ್ನಾಡು ಪುನ್ನಾಡುಗಳನ್ನು ಆಳುತ್ತಿದ್ದನು. ಅಣ್ಣನಿಗಿಂತ ಮೊದಲೇ ಅವನು ತೀರಿಕೊಂಡದ್ದರಿಂದ ಪಟ್ಟವು ಮಗನಾದ ಎರೆಯಪ್ಪನಿಗೆ ಬಂದಿತು. ಬೆಂಗಳೂರಿನ ಬೇಗೂರು ವೀರಗಲ್ಲಿನಲ್ಲಿ ಹೆಸರಾದ ಎರೆಯಪ್ಪರಸನೇ ಇವನು. ನೃಪತುಂಗನ ಮಗಳೆಂದು ತಿಳಿಯಲಾದ ಶಂಖಾದೇವಿಯು ಕಂಚಿಯ ಪಲ್ಲವ ನಂದಿವರ್ಮನ ರಾಣಿಯಾದಳು; ಅವಳ ಮಗನಿಗೆ ನೃಪತುಂಗನೆಂದೇ ಹೆಸರು. ಒಂದೇ ತೌರಿನ ಇಬ್ಬರಲ್ಲಿ ಒಬ್ಬಳು ಅರಸಿ, ಇನ್ನೊಬ್ಬಳು ಅರಸಿಯಲ್ಲ. ಆದರೂ ಎರಡು ಮನೆತನಗಳ ಹಗೆಯನ್ನು ತಣಿಸುವ ಹೊಣೆ ಹೊತ್ತವಳು ಈ ಎರಡನೆಯವಳೇ.

ಇದೇ ಗತಿ ರಾಷ್ಟ್ರಕೂಟರ ಮನೆಗೆ ಬಂದ ಸೊಸೆಗೂ ಒದಗಿತು. ನೃಪತುಂಗನ ಮಗ ಎರಡನೆಯ ಕೃಷ್ಣ. ಕೃಷ್ಣನ ಮಗ ಜಗತ್ತುಂಗ. ಜಗತ್ತುಂಗನ ತಾಯಿ ಚೇದಿದೇಶದ ಕಲಚುರಿ ಕೊಕ್ಕಲ್ಲನ ಮಗಳು. ಅವನು ವರಿಸಿದ ಲಕ್ಷ್ಮಿಯು ಕೊಕ್ಕಲ್ಲನ ಮಗನಾದ ರಣವಿಗ್ರಹನ ಮಗಳು. ಎಂದರೆ, ನಮ್ಮ ಮನೆಗಳಲ್ಲಿ ನಡೆದುಬಂದಿರುವಂತೆ ಸೋದರಮಾವನ ಮಗಳು! ಜಗತ್ತುಂಗನು ತಂದೆಯ ಕಣ್ಣೆದುರಿಗೇ ಕಾಲವಶನಾದನು. ಕ್ರಿ. ಶ. ೯೧೪ರ ಸುಮಾರಿಗೆ ಮುದುಕ ಕೃಷ್ಣನು ಅಳಿದಾಗ ಸಿಂಹಾಸನವು ಮೊಮ್ಮಗನಿಗೆ, ಲಕ್ಷ್ಮಿಯ ಮಗ ಮೂರನೆಯ ಇಂದ್ರನಿಗೆ, ಸಂದಿತು.

ಆ ಪಟ್ಟಬಂಧ ಮಹೋತ್ಸವವು ನಡೆದದ್ದು ೯೧೫ರಲ್ಲಿ, ಕುರುಂದಕದಲ್ಲಿ. ಕೃಷ್ಣಾ ಪಂಚಗಂಗೆಗಳ ಸಂಗಮದ ಬಳಿಯ ಕುರುಂದವಾಡವೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ಘಟಪ್ರಭೆಯ ಸೀಮೆಗೆ ಅದು ದೂರವಲ್ಲ. ಇಂದ್ರನು ಬಂಗಾರದಲ್ಲಿ ತುಲಾಭಾರ ತೂಗಿಸಿಕೊಂಡು, ಹಿಂದೆ ಕಸಿದುಕೊಂಡಿದ್ದ ೪೦೦ ಗ್ರಾಮಗಳನ್ನು ದಾನಕ್ಕೆ ಮರಳಿಸಿದನೆಂದು ಬಗುಮ್ರಾ ತಾಮ್ರಪಟಗಳು ಹೇಳುತ್ತವೆ. ಮುಂದೆ ಅವನ ಸೈನ್ಯವು ಕನೌಜವನ್ನು ಹಿಡಿಯಿತು. ಆ ದಂಡಯಾತ್ರೆಯ ವೀರ ನರಸಿಂಹನನ್ನು ಪಂಪನು ತನ್ನ ಭಾರತದಲ್ಲಿ ಕೊಂಡಾಡಿದ್ದಾನೆ.

ಇನ್ನೊಬ್ಬಳು ಬೊಂತಾದೇವಿ. ಅವಳೂ ಕಲಚುರಿ ಮನೆತನದವಳೇ, ಲಕ್ಷ್ಮಣರಾಜನ ಮಗಳು. ಗಂಡ ನಾಲ್ಕನೆಯ ವಿಕ್ರಮಾದಿತ್ಯನು ಚಾಲುಕ್ಯ ವಂಶದವನಾದರೂ ರಾಷ್ಟ್ರಕೂಟರ ಸಾಮಂತ ಮಾತ್ರ. ಅವರ ಮಗ ತೈಲಪನು ೯೭೩ರಲ್ಲಿ ರಾಷ್ಟ್ರಕೂಟರನ್ನು ಕೆಡವಿ ಚಾಲುಕ್ಯ ರಾಜ್ಯವನ್ನು ಮತ್ತೆ ಎತ್ತಿನಿಲ್ಲಿಸಿದನು. ರಾಷ್ಟ್ರಕೂಟರಿಗೆ ಇಂದ್ರನನ್ನು ಹೆತ್ತುಕೊಟ್ಟ ತೌರೇ ಅವರನ್ನು ಕೊನೆಗಾಣಿಸಿದವನ ತಾಯಿಯ ತೌರೂ ಆಯಿತು!

ಇದು ನಮ್ಮ ನಾಡಿಗಷ್ಟೇ ಸೇರಿದ ಮಾತಲ್ಲ. ಇಂಗ್ಲೆಂಡಿನ ಮಟಿಲ್ಡಾ ಒಂದನೆಯ ಹೆನ್ರಿಯ ಮಗಳು. ೧೧೫೪ರಲ್ಲಿ ಪಟ್ಟವೇರಿದ ಎರಡನೆಯ ಹೆನ್ರಿಯ ತಾಯಿ. ಹೋರಾಡಿದರೂ ಆ ನಾಡಿನ ಕಿರೀಟ ಅವಳ ತಲೆಗೇರಲಿಲ್ಲ.

ಶಾಲೆಯ ಕರಿಹಲಗೆಯ ಮೇಲೆ ರಾಷ್ಟ್ರಕೂಟರ ವಂಶಾವಳಿಯನ್ನು ನಾನು ಎಷ್ಟೋ ವರ್ಷ ಬರೆದಿದ್ದೇನೆ. ಕೃಷ್ಣನ ಕೆಳಗೆ ಒಂದು ಗೆರೆ, ಅದರ ಕೆಳಗೆ ಇಂದ್ರ. ಜಗತ್ತುಂಗನು ಆಳಲಿಲ್ಲವೆಂದು ಬಿಟ್ಟೆ. ಅವನೊಡನೆ ಲಕ್ಷ್ಮಿಯೂ ಅಳಿಸಿಹೋದಳು. ತಾಮ್ರಪಟ ಬರೆಸಿದವರು ಹಾಗೆ ಮಾಡಲಿಲ್ಲ. ಅರಸನಿಗೆ ತಂದೆಯ ಕುಲದಷ್ಟೇ ತಾಯಿಯ ಕುಲವೂ ಬಲವೆಂದು ಅರಿತು, ಪಟ್ಟ ಕಾಣದ ತಾಯಿಯ ಹೆಸರನ್ನೂ ಅವಳ ತಂದೆಯ ಹೆಸರನ್ನೂ ಕೊರೆಯಿಸಿದರು. ಸಾವಿರ ವರ್ಷದ ಹಿಂದಿನವರು ಮರೆಯದ ಹೆಸರನ್ನು ಬಿಟ್ಟುಬಿಟ್ಟವರು ನಾವು. ಇನ್ನು ಮೇಲೆ ಮನೆಯಲ್ಲಿ ಮಕ್ಕಳು ವಂಶಾವಳಿಯನ್ನು ಬರೆಯಲು ಕುಳಿತಾಗ, ಆ ಗೆರೆಯ ಪಕ್ಕದಲ್ಲಿ ತಾಯಿಯ ಹೆಸರಿಗೂ ಒಂದಿಷ್ಟು ಜಾಗ ಬಿಡಿಸಿರಿ.